ಊರಾಚೆ ಬಿಟ್ಟರೆ ಮುಗಿಯುವುದಿಲ್ಲ

‘ಪ್ರಾಣಿ ಹಕ್ಕು ಪಶ್ಚಿಮದ ಆಮದು, ಕೌಲ್ ಬಜಾರ್ ಪ್ರದೇಶದ ಬೀದಿನಾಯಿಗಳನ್ನೆಲ್ಲ ಊರಾಚೆ ಬಿಟ್ಟು ಬನ್ನಿ’ ಎಂಬ ಲೇಖನದ ಎರಡು ಮಾತೂ ತಪ್ಪು. ಪಶ್ಚಿಮದ ತತ್ವಜ್ಞಾನಿ ಪೀಟರ್ ಸಿಂಗರ್ ಅವರ ಪ್ರಾಣಿ ಹಕ್ಕಿನ ಪುಸ್ತಕ ‘ಅನಿಮಲ್ ಲಿಬರೇಷನ್’ ಬಂದದ್ದು 1975ರಲ್ಲಿ. ಬಲಿಗೆ ತಂದ ಹೋತನ್ನೇ ಮಾತಾಡಿಸಿ ಬಸವಣ್ಣ ವಚನ ಹೇಳಿದ್ದು 12ನೇ ಶತಮಾನದಲ್ಲಿ. ಕರುಣೆಯನ್ನು ನಾವು ಯಾರಿಂದಲೂ ಕಡ ತರಬೇಕಿಲ್ಲ.

ಮಕ್ಕಳನ್ನು ನಾಯಿ ಕಚ್ಚುವುದು ಸಣ್ಣ ಸಂಗತಿಯಲ್ಲ. ಆ ಮಕ್ಕಳ ತಾಯಂದಿರ ಸಿಟ್ಟು ನ್ಯಾಯವಾದದ್ದೇ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಆದರೆ ಇದ್ದ ನಾಯಿಗಳನ್ನು ಸಾಗಿಸಿದರೆ ಆ ಜಾಗಕ್ಕೆ ಲಸಿಕೆಯಿಲ್ಲದ ಹೊಸವು ಬರುತ್ತವೆ. ಚರಂಡಿ ಪಕ್ಕ ಕೋಳಿಯ ಚರ್ಮ, ಕರುಳು ಸುರಿಯುತ್ತಿರುವವರೆಗೂ ಬರುತ್ತಲೇ ಇರುತ್ತವೆ.

2023ರ ಕೇಂದ್ರ ನಿಯಮ ಹೇಳುವುದು ಬೇರೆ: ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಕಿವಿಗೆ ಗುರುತು ಮಾಡಿ, ಹಿಡಿದಲ್ಲೇ ಬಿಡಬೇಕು. ಶಾಲೆ, ಆಸ್ಪತ್ರೆಗಳ ಆವರಣದಿಂದ ನಾಯಿಗಳನ್ನು ತೆರವು ಮಾಡಿ ಆಶ್ರಯತಾಣಕ್ಕೆ ಸೇರಿಸಲು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಆದೇಶಿಸಿದ್ದು ನಿಜ. ಊರಾಚೆ ಎಸೆದು ಬನ್ನಿ ಎಂದು ಅದೂ ಹೇಳಿಲ್ಲ. ರೇಬಿಸ್ ತಡೆಯಲು ಶೇ 70ರಷ್ಟು ನಾಯಿಗಳಿಗಾದರೂ ಲಸಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನಿಮ್ಮ ಓಣಿಯ ನಾಯಿಯ ಕಿವಿಯಂಚನ್ನೊಮ್ಮೆ ನೋಡಿ. ‘ವಿ’ ಆಕಾರದ ಕತ್ತರಿ ಗುರುತು ಇಲ್ಲದಿದ್ದರೆ, ಅದಕ್ಕೆ ಚಿಕಿತ್ಸೆ, ಲಸಿಕೆ ಕೊಡಿಸಲು ಇವತ್ತೇ ಪಾಲಿಕೆಗೆ ಅರ್ಜಿ ಕೊಡಿ.