ಚಿತ್ರ ಕತ್ತರಿಸುವುದೂ ಒಂದು ಅಳತೆಯೇ

ಜವಳಿ ಅಂಗಡಿಗೆ ಹೋದವರೆಲ್ಲರೂ ಕಂಡಿರುವ ಸಂಗತಿಯಿದು. ವ್ಯಾಪಾರಿಯು ಥಾನನ್ನು ಬಿಚ್ಚಿ, ಬಟ್ಟೆಯ ಅಂಚನ್ನು ಅಳತೆಗೋಲಿಗೆ ಹಿಡಿದು, ಗುರುತು ಮಾಡಿಕೊಂಡ ಮೇಲೆಯೇ ಕತ್ತರಿಗೆ ಕೈಹಾಕುತ್ತಾನೆ. ಎಷ್ಟೇ ನುರಿತವನಾದರೂ ಕಣ್ಣಂದಾಜಿನಿಂದ ಬಟ್ಟೆ ಕತ್ತರಿಸುವ ಧೈರ್ಯ ಅವನಿಗಿಲ್ಲ. ಹಾಗೆ ಮಾಡಲು ಹೊರಟರೆ ಕೊಳ್ಳುವವರು ಸುಮ್ಮನಿರುವುದೂ ಇಲ್ಲ. ಆದರೆ ನಾವು ದಿನನಿತ್ಯವೂ ಕತ್ತರಿಸುವ ಇನ್ನೊಂದು ವಸ್ತುವಿನ ವಿಷಯದಲ್ಲಿ ಮಾತ್ರ ಈ ಎಚ್ಚರವನ್ನು ಪೂರ್ತಿಯಾಗಿ ಕೈಬಿಟ್ಟಿದ್ದೇವೆ. ಅಂಕೀಯ ಛಾಯಾಚಿತ್ರವೇ ಆ ವಸ್ತು. ದೂರವಾಣಿಯ ಗಾಜಿನ ಮೇಲೆ ಬೆರಳಿಟ್ಟು ಎಳೆಯುತ್ತೇವೆ, ಬೇಡವಾದುದು ಮಾಯವಾಗುತ್ತದೆ. ಎಷ್ಟು ಹೋಯಿತು, ಎಲ್ಲಿಂದ ಹೋಯಿತು, ಉಳಿದುದು ಮೊದಲಿದ್ದಂತೆಯೇ ಇದೆಯೇ ಎಂದು ಕೇಳುವವರಿಲ್ಲ.

ಮದುವೆಯ ಚಿತ್ರದಲ್ಲಿ ಅಂಚಿಗೆ ಬಂದ ಕುರ್ಚಿಯೊಂದನ್ನು ತೆಗೆದುಹಾಕುವವರೊಡನೆ ನನಗೆ ಯಾವ ಜಗಳವೂ ಇಲ್ಲ. ಅಲ್ಲಿ ಕಣ್ಣಂದಾಜು ಧಾರಾಳವಾಗಿ ಸಾಕು. ನನ್ನ ಮಾತು ವಿಜ್ಞಾನದ ಚಿತ್ರಗಳನ್ನು ಕುರಿತದ್ದು. ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರ, ಉಪಗ್ರಹದಿಂದ ಬಂದ ಚಿತ್ರ, ಹಳೆಯ ನಕ್ಷೆಯ ಪ್ರತಿ, ದೂರದರ್ಶಕವು ಹಿಡಿದ ಗೆಲಾಕ್ಸಿಯ ಚಿತ್ರ, ಇವುಗಳಿಂದ ನಾವು ಏನನ್ನಾದರೂ ಅಳೆಯಬಯಸುವುದಾದರೆ, ಕತ್ತರಿಸುವ ಕೆಲಸವೂ ಆ ಅಳತೆಯ ಒಂದು ಹಂತವೇ ಆಗುತ್ತದೆ. ಈ ಸರಳವಾದ ಸತ್ಯವನ್ನು ನಮ್ಮ ಕಾಲೇಜುಗಳಲ್ಲಿ ಕಲಿಸುತ್ತಿಲ್ಲವೆಂಬುದೇ ನನ್ನ ದೂರು. ದೂರುವವರ ಸಾಲಿನಲ್ಲಿ ನಿಲ್ಲುವುದಕ್ಕೆ ಮೊದಲು ತಪ್ಪಿತಸ್ಥರ ಸಾಲಿನಲ್ಲಿ ನಾನು ನಿಂತದ್ದುಂಟು. ಅದನ್ನು ಮುಚ್ಚಿಡದೆ ಹೇಳುತ್ತೇನೆ.

ನ್ಯೂಟನ್ನನ ಉಂಗುರಗಳ ಪ್ರಯೋಗವನ್ನು ಭೌತವಿಜ್ಞಾನ ಓದಿದವರು ಮರೆತಿರಲಾರರು. ಗಾಜಿನ ತಟ್ಟೆಯ ಮೇಲೆ ಪೀನ ಮಸೂರವನ್ನಿಟ್ಟು, ಸೋಡಿಯಂ ದೀಪದ ಹಳದಿ ಬೆಳಕನ್ನು ಬೀಳಿಸಿದರೆ ಕಪ್ಪು ಹಳದಿ ಉಂಗುರಗಳು ಒಂದರೊಳಗೊಂದು ಕಾಣುತ್ತವೆ. ಅವುಗಳ ವ್ಯಾಸವನ್ನಳೆದು ಮಸೂರದ ವಕ್ರತಾ ತ್ರಿಜ್ಯವನ್ನು ಕಂಡುಹಿಡಿಯಬಹುದು. ನನ್ನ ವಿದ್ಯಾರ್ಥಿಯೊಬ್ಬನು ಈ ಉಂಗುರಗಳ ಚಿತ್ರವನ್ನು ಸೂಕ್ಷ್ಮದರ್ಶಕದ ಮೂಲಕ ದೂರವಾಣಿಯಲ್ಲಿ ತೆಗೆದನು. ಅದೇ ಜೋಡಣೆಯಲ್ಲಿ ಗಾಜಿನ ಅಳತೆಪಟ್ಟಿಯ ಚಿತ್ರವನ್ನೂ ತೆಗೆದು, ಒಂದು ಮಿಲಿಮೀಟರಿಗೆ 400 ಪಿಕ್ಸೆಲ್ ಎಂದು ಸರಿಯಾಗಿಯೇ ಕಂಡುಕೊಂಡನು. ನಾನು, 'ಸುತ್ತಲಿನ ಕತ್ತಲೆಯನ್ನೆಲ್ಲ ಕತ್ತರಿಸಿ ಉಂಗುರಗಳನ್ನು ಮಾತ್ರ ವರದಿಯಲ್ಲಿ ಅಂಟಿಸಪ್ಪ' ಎಂದೆ. ಅವನು ಹಾಗೆಯೇ ಮಾಡಿ, ಅಂಟಿಸಿದ ಚಿತ್ರದಿಂದಲೇ ವ್ಯಾಸಗಳನ್ನಳೆದನು. ಸ್ಫೆರೋಮೀಟರಿನಿಂದ ಅಳೆದಾಗ 100 ಸೆಂಟಿಮೀಟರಿದ್ದ ವಕ್ರತಾ ತ್ರಿಜ್ಯವು ಅವನ ಲೆಕ್ಕದಲ್ಲಿ ಸುಮಾರು 91 ಸೆಂಟಿಮೀಟರಾಯಿತು. ಅಳತೆಯಲ್ಲಿ ಅಜಾಗರೂಕತೆ ಎಂದು ಬರೆದು ನಾನು ಅಂಕ ಕಳೆದೆ.

ಎರಡು ವಾರಗಳ ಬಳಿಕ ಅವನು ಮೂಲ ಚಿತ್ರವನ್ನು ತಂದು, 'ಇದರಲ್ಲಿ ಅಳೆದರೆ ಸರಿಯಾಗಿ ಬರುತ್ತದೆ ಸಾರ್' ಎಂದು ತೋರಿಸಿದನು. ಆಗ ಕಾರಣ ಹೊರಬಿತ್ತು. ಅವನು ಕತ್ತರಿಸಿದ ಚೌಕವು 2100 ಪಿಕ್ಸೆಲ್ ಅಗಲವಾಗಿತ್ತು. ಅವನು ಬಳಸಿದ ತಂತ್ರಾಂಶವು ಅದನ್ನು ಉಳಿಸುವಾಗ, ಯಾರನ್ನೂ ಕೇಳದೆ, 2000 ಪಿಕ್ಸೆಲ್‌ಗೆ ಕುಗ್ಗಿಸಿತ್ತು. ಅಂದರೆ ಮಿಲಿಮೀಟರಿಗೆ 400 ಇದ್ದುದು 381 ಆಗಿತ್ತು. ಅವನು ಭಾಗಿಸಿದ್ದು ಮಾತ್ರ 400ರಿಂದಲೇ. ಪ್ರತಿಯೊಂದು ವ್ಯಾಸವೂ ನೂರಕ್ಕೆ ಐದರಷ್ಟು ಕಿರಿದಾಗಿ ಬಂತು. ಸೂತ್ರದಲ್ಲಿ ಬರುವುದು ವ್ಯಾಸದ ವರ್ಗವಾದುದರಿಂದ ತ್ರಿಜ್ಯವು ನೂರಕ್ಕೆ ಒಂಬತ್ತಕ್ಕೂ ಹೆಚ್ಚು ತಗ್ಗಿತು. ಹುಡುಗನ ಕಣ್ಣಿನಲ್ಲಿ ದೋಷವಿರಲಿಲ್ಲ, ದೀಪದಲ್ಲಿಯೂ ಇರಲಿಲ್ಲ. ಕತ್ತರಿಸು ಎಂದ ನಾನು, ಹೇಗೆ ಕತ್ತರಿಸಬೇಕೆಂಬುದನ್ನು ಹೇಳಿಕೊಟ್ಟಿರಲಿಲ್ಲ. ಅಂಕಪಟ್ಟಿ ಅಷ್ಟರೊಳಗೆ ಹೋಗಿಬಿಟ್ಟಿತ್ತು. ಅದನ್ನು ತಿದ್ದಿಸಲು ನಾನು ಬರೆದ ಪತ್ರವೇ ಈ ಲೇಖನದ ಮೊದಲ ಕರಡು ಎಂದರೂ ತಪ್ಪಾಗದು.

ಇಲ್ಲಿ ಎರಡು ಕ್ರಿಯೆಗಳನ್ನು ಬೇರ್ಪಡಿಸಿ ನೋಡಬೇಕು. ಕತ್ತರಿಸುವುದು ಬೇರೆ, ಕುಗ್ಗಿಸುವುದು ಬೇರೆ. ಅಂಕೀಯ ಚಿತ್ರವೆಂಬುದು ಸಾಲು ಸಾಲಾಗಿ ಜೋಡಿಸಿದ ಸಂಖ್ಯೆಗಳ ಒಂದು ಕೋಷ್ಟಕ. ಅದರಿಂದ ಒಂದು ಆಯತವನ್ನು ಎತ್ತಿಕೊಂಡರೆ ಉಳಿದ ಸಂಖ್ಯೆಗಳು ಇದ್ದಂತೆಯೇ ಇರುತ್ತವೆ. ಮಿಲಿಮೀಟರಿಗೆ ಇಷ್ಟು ಪಿಕ್ಸೆಲ್ ಎಂಬ ಪ್ರಮಾಣವೂ ಕೆಡುವುದಿಲ್ಲ. ಕುಗ್ಗಿಸಿದಾಗಲಾದರೋ ಅಕ್ಕಪಕ್ಕದ ಸಂಖ್ಯೆಗಳನ್ನು ಬೆರೆಸಿ ಹೊಸ ಸಂಖ್ಯೆಗಳನ್ನು ತಯಾರಿಸಬೇಕಾಗುತ್ತದೆ. ಮೊದಲನೆಯದು ಆಯ್ಕೆ, ಎರಡನೆಯದು ಮಾರ್ಪಾಡು. ಬೆರಳಿನಿಂದ ಎಳೆಯುವ ಅನುಕೂಲಗಳಲ್ಲಿ ಇವೆರಡೂ ಒಂದರೊಳಗೊಂದು ಅಡಗಿಬರುವುದುಂಟು.

ನಿಖರವಾಗಿ ಕತ್ತರಿಸುವುದಕ್ಕೆ ಬೇಕಾದುದು ನಾಲ್ಕೇ ಸಂಖ್ಯೆಗಳು: ಎಡ ಅಂಚಿನಿಂದ ದೂರ, ಮೇಲಿನ ಅಂಚಿನಿಂದ ದೂರ, ಅಗಲ, ಎತ್ತರ. ನಕ್ಷಾಹಾಳೆಯಲ್ಲಿ ಮೂಲಬಿಂದುವನ್ನು ಕೆಳಗಿಟ್ಟು ಅಭ್ಯಾಸವಾದವರು ಇಲ್ಲಿ ಅದು ಮೇಲಿನ ಎಡ ಮೂಲೆಯಲ್ಲಿದೆಯೆಂಬುದನ್ನೂ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆಂಬುದನ್ನೂ ನೆನಪಿಡಬೇಕು. ಖಗೋಳಜ್ಞರು ಬಳಸುವ ಫಿಟ್ಸ್ ಎಂಬ ಮಾದರಿಯ ಕಡತಗಳಲ್ಲಿ ಮೊದಲ ಪಿಕ್ಸೆಲ್‌ನ ಸಂಖ್ಯೆ 1. ಮೊದಲ ಸಾಲನ್ನು ಸಾಮಾನ್ಯವಾಗಿ ಕೆಳಗೆ ತೋರಿಸುತ್ತಾರೆ. ಇನ್ನೊಂದು ಸಣ್ಣ ಬಲೆಯೂ ಉಂಟು. 100ನೆಯ ಪಿಕ್ಸೆಲ್‌ನಿಂದ 200ನೆಯದರವರೆಗೆ, ಎರಡೂ ಸೇರಿ, ಇರುವುದು 100 ಅಲ್ಲ, 101. ಬೇಲಿಯ ಗೂಟಗಳಿಗೂ ಗೂಟಗಳ ನಡುವಿನ ಅಂತರಗಳಿಗೂ ಒಂದರ ವ್ಯತ್ಯಾಸವಿರುವುದೆಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಪದವೀಧರರಿಗೆ ಹೇಳಿಕೊಡಬೇಕಾಗಿದೆ.

ಚಿತ್ರ ದೊಡ್ಡದಾದಷ್ಟೂ ಈ ಎಚ್ಚರದ ಬೆಲೆ ಹೆಚ್ಚುತ್ತದೆ. ಹಬಲ್ ದೂರದರ್ಶಕವು ತೆಗೆದ ಆಂಡ್ರೊಮಿಡಾ ಗೆಲಾಕ್ಸಿಯ ಜೋಡಣೆ ಚಿತ್ರವೊಂದನ್ನು 2015ರಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಲಾಯಿತು. ಅದರ ಅಗಲ 69,536 ಪಿಕ್ಸೆಲ್, ಎತ್ತರ 22,230. ಗುಣಿಸಿ ನೋಡಿದರೆ 154 ಕೋಟಿಗೂ ಮಿಕ್ಕಿದ ಪಿಕ್ಸೆಲ್‌ಗಳು! ಹತ್ತು ಕೋಟಿಗೂ ಹೆಚ್ಚು ನಕ್ಷತ್ರಗಳು ಅದರಲ್ಲಿವೆ. ಪಿಕ್ಸೆಲ್‌ಗೆ ಮೂರು ಬೈಟ್ ಎಂದಿಟ್ಟುಕೊಂಡರೂ ಅದು 463 ಕೋಟಿ ಬೈಟುಗಳಾಗುತ್ತದೆ. ಜೆಪೆಗ್ ಮಾದರಿಯ ಕಡತದಲ್ಲಿ ಒಂದು ಪಾರ್ಶ್ವಕ್ಕೆ 65,535 ಪಿಕ್ಸೆಲ್‌ಗಳಿಗಿಂತ ಹೆಚ್ಚು ಹಿಡಿಸದು. ಈ ಚಿತ್ರ ಅದಕ್ಕಿಂತಲೂ ಅಗಲ. ಸಾಮಾನ್ಯ ಟಿಫ್ ಕಡತವು ಸುಮಾರು 429 ಕೋಟಿ ಬೈಟುಗಳಿಗೆ ನಿಲ್ಲುತ್ತದೆ. ಸಂಕೋಚಿಸದೆ ಬರೆದರೆ ಚಿತ್ರ ಆ ಎಲ್ಲೆಯನ್ನೂ ದಾಟುತ್ತದೆ. ಇಂಥದನ್ನು ಕಾಲೇಜಿನ ಗಣಕಯಂತ್ರದಲ್ಲಿ ತೆರೆದು ಮೌಸಿನಿಂದ ಎಳೆದು ಕತ್ತರಿಸುತ್ತೇನೆಂದು ಹೊರಟರೆ, ಯಂತ್ರ ಉಸಿರುಗಟ್ಟಿ ನಿಲ್ಲುವುದು ಸಹಜವೇ.

ಇದಕ್ಕೆ ಉಪಾಯವಿಲ್ಲದಿಲ್ಲ. ಮೊದಲು ಚಿತ್ರದ ಹದಿನಾರನೆಯ ಒಂದು ಪಾಲಿನ ಕಿರುಪ್ರತಿಯೊಂದನ್ನು ಮಾಡಿಕೊಳ್ಳಬೇಕು. ಅದು 4,346 ಅಗಲ, 1,389 ಎತ್ತರದ್ದಾಗುತ್ತದೆ. ಯಾವ ಯಂತ್ರವಾದರೂ ಅದನ್ನು ತೆರೆಯಬಲ್ಲುದು. ನಮಗೆ ಬೇಕಾದ ನಕ್ಷತ್ರಗುಚ್ಛ ಕಿರುಪ್ರತಿಯಲ್ಲಿ ಎಡದಿಂದ 1,200, ಮೇಲಿನಿಂದ 640ರಲ್ಲಿ ಆರಂಭವಾಗಿ, 250 ಅಗಲ 200 ಎತ್ತರ ಇದೆಯೆನ್ನೋಣ. ಎಲ್ಲವನ್ನೂ 16ರಿಂದ ಗುಣಿಸಿದರೆ ಮೂಲದಲ್ಲಿ 19,200, 10,240, 4,000, 3,200 ಎಂದಾಗುತ್ತದೆ. ಆದರೆ 22,230 ಎಂಬುದು 16ರಿಂದ ನಿಶ್ಶೇಷವಾಗಿ ಭಾಗವಾಗದು. ಆದುದರಿಂದ ಲಂಬ ದಿಕ್ಕಿನ ನಿಜವಾದ ಪ್ರಮಾಣ 16.004, ಮೇಲಿನ ಅಂಚು ಸುಮಾರು ಮೂರು ಪಿಕ್ಸೆಲ್‌ಗಳಷ್ಟು ಕೆಳಗಿರುತ್ತದೆ. ಕಿರುಪ್ರತಿಯ ಒಂದು ಪಿಕ್ಸೆಲ್ ಮೂಲದ 16 ಪಿಕ್ಸೆಲ್‌ಗಳಿಗೆ ಸಮವಾದುದರಿಂದ ನಮ್ಮ ಗುರುತಿನಲ್ಲಿ ಅಷ್ಟು ಅನಿಶ್ಚಿತತೆ ಇದ್ದೇ ಇರುವುದು. ಸುತ್ತಲೂ ತುಸು ಅಂಚು ಬಿಟ್ಟು ಕತ್ತರಿಸಿ, ಚಿಕ್ಕದಾದ ತುಂಡಿನಲ್ಲಿ ಮತ್ತೊಮ್ಮೆ ನಿಖರವಾಗಿ ಕತ್ತರಿಸಿದರಾಯಿತು. ವರ್ನಿಯರ್ ಮಾಪಕದಲ್ಲಿ ಮುಖ್ಯ ಅಳತೆಯನ್ನು ಮೊದಲು ಓದಿ, ಆಮೇಲೆ ಸೂಕ್ಷ್ಮ ಅಳತೆಯನ್ನು ಓದುವುದಿಲ್ಲವೆ? ಇದೂ ಹಾಗೆಯೇ.

ಈ ಕೆಲಸಕ್ಕೆ ಬೇಕಾದ ಸಲಕರಣೆಗಳಿಗೆ ಒಂದು ಕಾಸನ್ನೂ ಕೊಡಬೇಕಾಗಿಲ್ಲವೆಂಬುದು ಸಂತೋಷದ ಸಂಗತಿ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬಿಬ್ಬರು 1995ರಲ್ಲಿ ಆರಂಭಿಸಿದ ಗಿಂಪ್ ಎಂಬ ತಂತ್ರಾಂಶದಲ್ಲಿ, ಕತ್ತರಿಸುವ ಸಲಕರಣೆಯನ್ನು ಆರಿಸಿಕೊಂಡರೆ ಪಕ್ಕದಲ್ಲಿಯೇ ಸ್ಥಾನ ಮತ್ತು ಅಳತೆಗಳನ್ನು ಬರೆಯುವ ಮನೆಗಳು ಕಾಣುತ್ತವೆ. ಮೌಸಿನಿಂದ ಎಳೆಯುವ ಬದಲು ಅಲ್ಲಿ ನಾಲ್ಕು ಸಂಖ್ಯೆಗಳನ್ನು ಬರೆದರೆ ಸಾಕು. ಇಮೇಜ್‌ಮ್ಯಾಜಿಕ್ ಎಂಬ ಇನ್ನೊಂದಕ್ಕೆ ಅದೇ ಸಂಖ್ಯೆಗಳನ್ನು ಒಂದೇ ಸಾಲಿನ ಆಜ್ಞೆಯಾಗಿ ಕೊಡಬಹುದು. ಐವತ್ತು ಚಿತ್ರಗಳಿದ್ದರೆ ಐವತ್ತನ್ನೂ ಒಂದೇ ಅಳತೆಗೆ ಅದು ಕತ್ತರಿಸಿಕೊಡುವುದು. ಲಿಬ್‌ವಿಪ್ಸ್ ಎಂಬುದು ಬೃಹತ್ ಚಿತ್ರಗಳನ್ನು ಇಡಿಯಾಗಿ ಮೆಮೊರಿಗೆ ತುಂಬಿಕೊಳ್ಳದೆ, ಬೇಕಾದ ಭಾಗವನ್ನಷ್ಟು ಬೇಕಾದಾಗ ಓದಿ ಕೆಲಸ ಮಾಡುವಂತೆ ರಚಿತವಾಗಿದೆ.

ಜೆಪೆಗ್ ಚಿತ್ರಗಳ ವಿಷಯದಲ್ಲಿ ಒಂದು ಮಾತನ್ನು ಸೇರಿಸಬೇಕು. ಆ ಮಾದರಿಯು ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಸಂಕೋಚಿಸುತ್ತದೆ. ಬಣ್ಣದ ವಿವರವನ್ನು ಕಡಮೆ ಮಾಡಿದ್ದಲ್ಲಿ ಘಟಕವು ಅನೇಕ ವೇಳೆ 16×16 ಆಗಿರುತ್ತದೆ. ಸಾಮಾನ್ಯ ರೀತಿಯಲ್ಲಿ ಕತ್ತರಿಸಿ ಉಳಿಸಿದರೆ ಇಡೀ ಚಿತ್ರ ಮತ್ತೊಮ್ಮೆ ಸಂಕೋಚನೆಗೊಳಗಾಗಿ ಸೂಕ್ಷ್ಮ ವಿವರ ಇನ್ನಷ್ಟು ಸವೆಯುತ್ತದೆ. ಜೆಪೆಗ್‌ಟ್ರಾನ್ ಎಂಬ ಉಚಿತ ಸಲಕರಣೆಯಾದರೋ ಘಟಕಗಳನ್ನು ಹಾಗೆಯೇ ಎತ್ತಿಡುವುದರಿಂದ ನಷ್ಟವಿಲ್ಲ. ಆದರೆ ಎಡ ಮತ್ತು ಮೇಲಿನ ಅಂಚುಗಳು ಘಟಕದ ಗಡಿಯ ಮೇಲೆಯೇ ಬೀಳಬೇಕು. ಬೀಳದಿದ್ದರೆ ಅದು ಅಂಚನ್ನು ತಾನೇ ಹಿಂದಕ್ಕೆ ಸರಿಸುತ್ತದೆ. 16ರ ಗುಣಕಗಳನ್ನು ಆರಿಸಿಕೊಂಡರೆ ಈ ತೊಡಕಿಲ್ಲ.

ಕತ್ತರಿಸಿ ತೆಗೆದುದು ನಿಜವಾಗಿ ಹೋಯಿತೆ ಎಂಬುದು ಇನ್ನೊಂದು ಪ್ರಶ್ನೆ. ಗಿಂಪ್‌ನಲ್ಲಿ, ಕತ್ತರಿಸಿದ ಪಿಕ್ಸೆಲ್‌ಗಳನ್ನು ಅಳಿಸು ಎಂಬ ಗುರುತನ್ನು ಹಾಕದಿದ್ದರೆ, ಅದರದೇ ಮಾದರಿಯ ಕಡತದಲ್ಲಿ ಹೊರಗಿನ ಭಾಗ ಕಾಣದಂತೆ ಉಳಿದಿರುತ್ತದೆ. ತಿದ್ದಿಕೊಳ್ಳಲು ಇದು ಅನುಕೂಲವೇ, ಆದರೆ ತಿಳಿದಿರಬೇಕು. 2023ರಲ್ಲಿ ಗೂಗಲ್ ಸಂಸ್ಥೆಯ ಪಿಕ್ಸೆಲ್ ದೂರವಾಣಿಗಳ ಚಿತ್ರ ತಿದ್ದುವ ಸಲಕರಣೆಯಲ್ಲಿ ಇಂಥದೇ ದೋಷವೊಂದು ಬಯಲಾಯಿತು. ಕತ್ತರಿಸಿದ ಚಿಕ್ಕ ಚಿತ್ರವನ್ನು ಹಳೆಯ ಕಡತದ ಮೇಲೆಯೇ ಬರೆದು, ಬಾಲದಲ್ಲಿ ಉಳಿದ ಹಳೆಯ ಬೈಟುಗಳನ್ನು ಅಳಿಸದೆ ಬಿಟ್ಟಿದ್ದರಿಂದ, ಮರೆಮಾಡಿದೆವೆಂದುಕೊಂಡ ಭಾಗವನ್ನು ಬಹುಮಟ್ಟಿಗೆ ಮರಳಿ ಪಡೆಯಲು ಸಾಧ್ಯವಾಗಿತ್ತು.

ಇಷ್ಟೆಲ್ಲ ಕಟ್ಟುನಿಟ್ಟು ಪದವಿ ತರಗತಿಗೆ ಏಕೆ, ಪಾಠಗಳೇ ಮುಗಿಯುತ್ತಿಲ್ಲ ಎಂದು ನನ್ನ ಸಹೋದ್ಯೋಗಿಗಳು ಆಕ್ಷೇಪಿಸುವುದುಂಟು. ಅವರ ಕಷ್ಟ ನನ್ನದೂ ಹೌದು. ಆದರೆ ಇಂದು ಪ್ರಯೋಗಶಾಲೆಗೆ ಬರುವ ಹುಡುಗರಲ್ಲಿ ಬಹುಮಂದಿಯ ಜೇಬಿನಲ್ಲಿ ಕ್ಯಾಮರಾ ಇದೆ; ನಾವು ಒಪ್ಪಿದರೂ ಬಿಟ್ಟರೂ ಅದು ಅಳತೆಯ ಸಲಕರಣೆಯಾಗಿಬಿಟ್ಟಿದೆ. ಸ್ಕ್ರೂಗೇಜನ್ನು ಕೈಗೆ ಕೊಡುವ ಮೊದಲು ಅದರ ಶೂನ್ಯದೋಷ ನೋಡುವುದನ್ನು ಕಲಿಸುವ ನಾವು, ಇದರ ಶೂನ್ಯದೋಷವನ್ನು ಕಲಿಸದಿರುವುದು ನ್ಯಾಯವೆ? ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳು ಇನ್ನೂ ಸೊಗಸಾಗಿವೆಯೆಂದು ಹೇಳುವವರೂ ಇದ್ದಾರೆ. ಇರಬಹುದು. ಆದರೆ ವಿಜ್ಞಾನದ ಪ್ರಯೋಗವನ್ನು ಮತ್ತೊಬ್ಬನು ಮಾಡಿ ನೋಡಲು ಸಾಧ್ಯವಾಗಬೇಕು. ಬೆಂಗಳೂರಿನ ವಿದ್ಯಾರ್ಥಿಯು ಕತ್ತರಿಸಿದುದನ್ನು ಬೀದರಿನ ವಿದ್ಯಾರ್ಥಿಯು ಅದೇ ಸಂಖ್ಯೆಗಳಿಂದ, ಅದೇ ಸಲಕರಣೆಯಿಂದ, ಯಾರ ಅಪ್ಪಣೆಯೂ ಇಲ್ಲದೆ ಪರೀಕ್ಷಿಸುವಂತಿರಬೇಕು. ಉಚಿತ ತಂತ್ರಾಂಶದ ನಿಜವಾದ ಬೆಲೆ ಇರುವುದು ಇಲ್ಲಿ.

ನಾನು ಕೇಳುವುದು ದೊಡ್ಡ ಸುಧಾರಣೆಯನ್ನಲ್ಲ. ವರದಿಯಲ್ಲಿ ಅಂಟಿಸುವ ಪ್ರತಿಯೊಂದು ಚಿತ್ರದ ಕೆಳಗೂ ಎರಡು ಸಾಲು ಇರಲಿ: ಮೂಲ ಕಡತದ ಹೆಸರು ಮತ್ತು ಅಳತೆ, ಕತ್ತರಿಸಿದ ನಾಲ್ಕು ಸಂಖ್ಯೆಗಳು, ಕುಗ್ಗಿಸಿದ್ದರೆ ಅದರ ಪ್ರಮಾಣ. ಮೂಲ ಚಿತ್ರವನ್ನು ಮುಟ್ಟದೆ ಬೇರೆಯಾಗಿ ಕಾಪಾಡಲಿ. ಕತ್ತರಿಸುವ ಮೊದಲೇ ಚಿತ್ರದೊಳಗೆ, ಉಳಿಯುವ ಭಾಗದಲ್ಲಿ, ಒಂದು ಮಿಲಿಮೀಟರಿನ ಗೆರೆಯನ್ನು ಎಳೆದಿರಲಿ. ಆಮೇಲೆ ಯಾವ ತಂತ್ರಾಂಶ ಎಷ್ಟು ಕುಗ್ಗಿಸಿದರೂ ಚಿತ್ರದೊಡನೆ ಗೆರೆಯೂ ಕುಗ್ಗುವುದರಿಂದ ಅಳತೆ ಸುಳ್ಳಾಗದು. ಆ ಒಂದು ಗೆರೆ ಅಂದು ಇದ್ದಿದ್ದರೆ ನನ್ನ ವಿದ್ಯಾರ್ಥಿಯ ಅಂಕ ಹೋಗುತ್ತಿರಲಿಲ್ಲ. ಈ ವರ್ಷ ನಮ್ಮ ಪ್ರಯೋಗಶಾಲೆಯಲ್ಲಿ ಉಂಗುರಗಳ ಪ್ರಯೋಗಕ್ಕೆ ಮುಂಚೆ ಒಂದು ಗಂಟೆಯನ್ನು ಇದಕ್ಕೆಂದೇ ಮೀಸಲಿಟ್ಟಿದ್ದೇನೆ. ಮೊದಲ ಪಾಠವನ್ನು ಹೇಳಿಕೊಡಲು ಆ ಹುಡುಗನನ್ನೇ ಕರೆದಿದ್ದೇನೆ.