ಬಣ್ಣಕ್ಕೆ ಮುಂಚೆ ರಿಮ್ಮಿನ ಒಳಮೈ ನೋಡಿ

ಮೋಕದಲ್ಲಿ ಟ್ರ್ಯಾಕ್ಟರ್ ಬುಶ್ಶು, ಪಂಪ್‌ಸೆಟ್ಟಿನ ಶಾಫ್ಟು ತಿರುವುತ್ತಾ ಲೇತ್ ಮುಂದೆಯೇ ತಲೆ ನರೆಸಿಕೊಂಡವನು ನಾನು. ಈಗೀಗ ಹುಡುಗರು ಕಾರಿನ ಅಲಾಯ್ ರಿಮ್ ಹೊತ್ತು ತರುತ್ತಾರೆ. "ಕಾಕಾ, ಸ್ವಲ್ಪ ಕೆರೆದು ಮಿಂಚ್ಸಿ ಕೊಡ್ರಿ." ಆಗಲ್ಲಪ್ಪ ಅಂತೀನಿ. ಶೋರೂಮಿನ 'ಡೈಮಂಡ್ ಕಟ್' ಹೊಳಪು ಬರುವುದೇ ಲೋಹವನ್ನು ತೆಳುವಾಗಿ ಸವರಿ ತೆಗೆಯುವುದರಿಂದ. ಪ್ರತಿ ಸಲ ಸವರಿದಾಗಲೂ ರಿಮ್ ಅಷ್ಟಷ್ಟು ಸಣಕಲಾಗುತ್ತದೆ. ಆ ಕೆಲಸಕ್ಕೆ ಬೇರೆಯೇ ಲೇತ್ ಇದೆ, ನನ್ನದಲ್ಲ.

ಹಾಗಂತ ಎಲ್ಲದಕ್ಕೂ ಬಳ್ಳಾರಿಗೆ ಓಡಬೇಕಿಲ್ಲ. ಫುಟ್‌ಪಾತಿಗೆ ಉಜ್ಜಿದ ಗೀರನ್ನು ಮನೆಯಂಗಳದಲ್ಲೇ ಸರಿಮಾಡಬಹುದು. ಮೊದಲು ಒಳಗೆ ಮೆತ್ತಿಕೊಂಡ ಎರೆಮಣ್ಣು ತೆಗೆಯಿರಿ. ಅದು ಒಣಗಿ ಒಂದೇ ಕಡೆ ಕೂತರೆ ಸ್ಟೇರಿಂಗ್ ನಡುಗುತ್ತದೆ, ಜನ ಅಲೈನ್‌ಮೆಂಟನ್ನು ಬೈಯುತ್ತಾರೆ. ಸೋಪು ನೀರು ಸಾಕು. ಬಚ್ಚಲು ತೊಳೆಯುವ ಆಸಿಡ್ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. 400ರ ವಾಟರ್ ಪೇಪರ್, ಆಮೇಲೆ 800, ಅಲ್ಯೂಮಿನಿಯಂ ಹಿಡಿಯುವ ಪ್ರೈಮರ್, ಸಿಲ್ವರ್, ಮೇಲೆ ಕ್ಲಿಯರ್. ನಟ್ ಕೂರುವ ಜಾಗಕ್ಕೆ ಬಣ್ಣ ತಾಗಬಾರದು, ದಪ್ಪ ಪದರದ ಮೇಲೆ ಬಿಗಿದ ನಟ್ ಸಡಿಲಾಗುತ್ತದೆ. ನಮ್ಮ ಏಪ್ರಿಲ್ ಮಧ್ಯಾಹ್ನ ಸ್ಪ್ರೇ ಹೊಡೆದರೆ ಬಣ್ಣ ಗಾಳಿಯಲ್ಲೇ ಒಣಗಿ ಮರಳಿನಂತೆ ಕೂರುತ್ತದೆ. ಧೂಳೆಬ್ಬಿಸುವ ಗಾಳಿ ಏಳುವ ಮುಂಚೆ, ಬೆಳಗ್ಗೆಯೇ ಮುಗಿಸಿ.

ನನ್ನ ತಕರಾರು ಗೀರಿನದ್ದಲ್ಲ, ಬಿರುಕಿನದ್ದು. ಗುಂಡಿಗೆ ಬಿದ್ದ ಚಕ್ರದ ಬಿರುಕು ಬಹಳ ಸಲ ಒಳಮೈಯಲ್ಲಿರುತ್ತದೆ. ಟ್ಯೂಬ್‌ಲೆಸ್ ಟೈರಿನ ಗಾಳಿ ಮೆಲ್ಲಗೆ ಇಳಿಯುತ್ತದೆ, ಪಂಚರ್ ಅಂಗಡಿಯವನಿಗೆ ಮೊಳೆ ಸಿಗುವುದಿಲ್ಲ. ಆಗ ಯಾರೋ ವೆಲ್ಡಿಂಗ್ ಹಾಕಿ, ಗ್ರೈಂಡರ್ ಆಡಿಸಿ, ಬಣ್ಣ ಬಳಿದು ಕೊಡುತ್ತಾರೆ. ನೋಡಿದರೆ ಹೊಸದೇ.

ಅಲಾಯ್ ರಿಮ್ಮಿಗೆ ಗಟ್ಟಿತನ ಬರುವುದು ಶಾಖದ ಲೆಕ್ಕದಿಂದ. ಕಾರ್ಖಾನೆಯಲ್ಲಿ 540 ಡಿಗ್ರಿ ಹತ್ತಿರ ಕಾಯಿಸಿ, ನೀರಲ್ಲಿ ಅದ್ದಿ, ಮತ್ತೆ 150ರ ಆಸುಪಾಸಿನಲ್ಲಿ ಹದ ಮಾಡುತ್ತಾರೆ. ವೆಲ್ಡಿಂಗ್ ಬಿದ್ದ ಜಾಗದ ಸುತ್ತ ಆ ಹದ ಕೆಡುತ್ತದೆ. ಕಬ್ಬಿಣ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅಲ್ಲಿಯವರೆಗೂ ಬೆಳಕಿನಲ್ಲಿ ಕೆಂಪು ತೋರುವುದೇ ಇಲ್ಲ. ಕಣ್ಣಳತೆಯ ಕುಲುಮೆ ಜಾಣ್ಮೆ ಇಲ್ಲಿ ನಡೆಯದು. ಪೌಡರ್ ಕೋಟಿಂಗ್ ಮಾಡಿಸುವವರೂ ಒಲೆಯ ಡಿಗ್ರಿ ಕೇಳಿ. 200 ಸಾಮಾನ್ಯ, ಅದಕ್ಕಿಂತ ಮೇಲೆ ಹೋದರೆ ರಿಮ್ ಮೆತ್ತಗಾಗುವ ಭಯ.

ಕಡ್ಡಿಯಲ್ಲಿ ಬಿರುಕು ಬಿಟ್ಟ ರಿಮ್ ಗುಜರಿಗೇ ಹೋಗಲಿ. ನನ್ನನ್ನು ಕೇಳಿದರೆ, ಅದಿರು ಲಾರಿ, ಭತ್ತದ ಲಾರಿ ತುಳಿದ ನಮ್ಮ ರಸ್ತೆಗೆ ಸ್ಟೀಲ್ ರಿಮ್ಮೇ ಮೇಲು. ಡೊಂಕಾಗುತ್ತದೆ, ಬಡಿದು ನೇರ ಮಾಡಬಹುದು. ಚೆಂದ ಇಲ್ಲ ಅಂತ ಹುಡುಗರು ಒಪ್ಪುವುದಿಲ್ಲ, ಅದು ಬೇರೆ ಮಾತು. ಆದರೆ ರಿಮ್ ರಿಪೇರಿ ಮಾಡುವ ಅಂಗಡಿಗಳು ಬಿಲ್ಲಿನಲ್ಲಿ 'ವೆಲ್ಡಿಂಗ್ ಹಾಕಿದೆ' ಅಥವಾ 'ಬರೀ ಬಣ್ಣ' ಅಂತ ಬರೆದು ಸಹಿ ಹಾಕಲಿ. ಕಾರು ಮಾರುವಾಗ ಆರ್‌ಸಿ, ಇನ್ಶೂರೆನ್ಸ್ ಜೊತೆ ಆ ಬಿಲ್ಲೂ ಕೊಳ್ಳುವವನ ಕೈಗೆ ಹೋಗಲಿ.