‘ಪಾಪ’ ಅಂದರೆ ಸಾಲದು, ಕೆಲಸ ಕಲಿಸಬೇಕು

ನಮ್ಮೂರಲ್ಲಿ ಒಬ್ಬ ಹುಡುಗನಿದ್ದಾನೆ. ವಯಸ್ಸು 20 ದಾಟಿದೆ. ಊರವರು ಬುದ್ಧಿಮಾಂದ್ಯ ಅನ್ನುತ್ತಾರೆ, ಕಾನೂನಿನಲ್ಲಿ ಇದಕ್ಕೆ ಬೌದ್ಧಿಕ ಅಂಗವೈಕಲ್ಯ ಅಂತ ಹೆಸರು. ಶಾಲೆ ಬಿಟ್ಟ ಮೇಲೆ ಮೂರು ವರ್ಷ ಜಗಲಿ ಮೇಲೆ ಕೂತೇ ಕಳೆದ. ಹೋಗಿ ಬರುವವರೆಲ್ಲ ‘ಪಾಪ’ ಅನ್ನುತ್ತಿದ್ದರು. ನಾನೂ ಅಂದಿದ್ದೇನೆ. ಒಂದು ಕೆಲಸ ಕಲಿಸೋಣ ಅಂತ ನಮಗ್ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಅವನ ತಾಯಿಗೆ. ‘ಡೇರಿಗೆ ಹಾಲು ಹಾಕಿ ಬಾ’ ಅಂದರೆ ಅವನಿಗೆ ಗೊಂದಲ. ಅದಕ್ಕೇ ಒಂದೇ ಕೆಲಸವನ್ನು ಸಣ್ಣ ಸಣ್ಣದಾಗಿ ಬಿಡಿಸಿದರು. ಮೊದಲು ಕ್ಯಾನ್ ತೊಳೆಯುವುದು. ಅದು ರೂಢಿಯಾದ ಮೇಲೆ ಮುಚ್ಚಳ ಬಿಗಿ ಮಾಡುವುದು. ಆಮೇಲೆ ರಸ್ತೆ ದಾಟುವುದು, ಸಾಲಲ್ಲಿ ನಿಲ್ಲುವುದು, ಚೀಟಿ ತರುವುದು. ತಾವೇ ಮಾಡಿ ತೋರಿಸಿದರು, ಜೊತೆಗೆ ನಿಂತು ಮಾಡಿಸಿದರು, ಕೊನೆಗೆ ದೂರ ನಿಂತು ನೋಡಿದರು. ಒಂದೊಂದಕ್ಕೂ ವಾರಗಟ್ಟಲೆ ಹಿಡಿಯಿತು. ಈಗ ಎರಡು ಹೊತ್ತೂ ಅವನೇ ಹಾಲು ಹಾಕಿ ಬರುತ್ತಾನೆ. ವಿಶೇಷ ಶಾಲೆಗಳಲ್ಲೂ ಕಲಿಸುವ ರೀತಿ ಇದೇ.

ಹೊತ್ತಿಗೆ ಸರಿಯಾಗಿ ಏಳುವುದು, ನೋಟು ಗುರುತಿಸುವುದು, ತಿಳಿಯದಿದ್ದರೆ ಕೇಳುವುದು, ಯಾರಾದರೂ ಹೊಡೆದರೆ ಅಥವಾ ಮುಟ್ಟಬಾರದ ಕಡೆ ಮುಟ್ಟಿದರೆ ಮನೆಗೆ ಬಂದು ಹೇಳುವುದು, ಇವೆಲ್ಲ ಕೆಲಸಕ್ಕೆ ಹೋಗುವ ಮುಂಚೆಯೇ ಕಲಿಯಬೇಕಾದವು. ಹೆಣ್ಣುಮಕ್ಕಳಿಗೂ ಕಲಿಸಬೇಕು. ಹೈಸ್ಕೂಲಿನ ವಯಸ್ಸಿನಲ್ಲೇ ಶುರು ಮಾಡಿದರೆ ಒಳ್ಳೆಯದು.

ಇನ್ನೊಂದು ಕಹಿ ಮಾತು ಹೇಳಲೇಬೇಕು. ಅವನು ಕೆಲಸ ಮಾಡಬಲ್ಲ ಅಂತ ಗೊತ್ತಾದದ್ದೇ ತಡ, ಕೆಲವರು ಕರೆದು ಇಡೀ ದಿನ ಸೌದೆ ಹೊರಿಸಿ ಒಂದು ಲೋಟ ಕಾಫಿ ಕೊಟ್ಟು ಕಳಿಸಿದರು. ಕೊಡಬೇಕಾದ ಕೂಲಿ ಕೊಡದಿದ್ದರೆ ಅದು ಮೋಸ. ದುಡಿದವನ ಕೂಲಿ ಅವನ ಕೈಗೇ ಸೇರಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲಾತಿ ಕೊಟ್ಟಿದೆ. ಅದರಲ್ಲಿ ಶೇ. 1 ಬೌದ್ಧಿಕ ಅಂಗವೈಕಲ್ಯ, ಆಟಿಸಂ ಮುಂತಾದವು ಇರುವವರ ಪಾಲು. ಆದರೆ ಹಳ್ಳಿಯ ಮಕ್ಕಳಿಗೆ ಮೊದಲ ಕೆಲಸ ಸಿಗಬೇಕಾದದ್ದು ಊರಲ್ಲೇ: ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬುವುದು, ಅಂಗಡಿಯಲ್ಲಿ ಸಾಮಾನು ಜೋಡಿಸುವುದು, ಅಡಿಕೆ ಆರಿಸುವುದು.

ನಿಮ್ಮ ಮನೆಯಲ್ಲಿ ಇಂಥ ಮಕ್ಕಳಿದ್ದರೆ ಯುಡಿಐಡಿ ಕಾರ್ಡ್ ಮಾಡಿಸಿ. ಪಂಚಾಯಿತಿಯಲ್ಲಿರುವ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಪಂಚಾಯಿತಿಯಲ್ಲಿ ಅಂಗವಿಕಲರಿಗೆಂದು ಶೇ. 5 ಅನುದಾನ ಇರುತ್ತದೆ. ಅದರಲ್ಲಿ ಕೆಲಸ ಕಲಿಸಲು ಎಷ್ಟು ಬಳಸಿದಿರಿ ಅಂತ ಗ್ರಾಮಸಭೆಯಲ್ಲಿ ಕೇಳಿ.

‘ನಾನು ಹೋದ ಮೇಲೆ ಇವನ ಗತಿ ಏನು?’ ಅಂತ ಆ ತಾಯಿ ಈಗಲೂ ಕೇಳುತ್ತಾರೆ. ತಮ್ಮ ಪಾಲಿನದನ್ನು ಅವರು ಮಾಡಿದ್ದಾರೆ. ಇನ್ನು ಊರಿನ ಸರದಿ.